ಲಾರೆಟ್ ಟೇಲರ್ ಸುಮ್ನೆ ಕೂತಿದ್ದಾಗ

ಹದಿನೈದು ವರ್ಷದ ಹಿಂದೆ ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ನನಗೊಂದು ಪಾತ್ರ ಸಿಕ್ಕಿತ್ತು. ಪಕ್ಕದ ಮನೆಯಾಕೆ. ಮೊದಲ ಅಂಕದಲ್ಲಿ ಬಂದು ಕುರ್ಚಿಯ ಮೇಲೆ ಕೂರಬೇಕು. ಅಂಕ ಮುಗಿಯುವವರೆಗೂ ಏಳುವ ಹಾಗಿಲ್ಲ. ಮಾತು ಮೂರೇ ಮೂರು. ಮೂರನ್ನೂ ಒಂದಕ್ಷರ ತಪ್ಪದೆ ಹೇಳಿದೆ. ಆಟ ಮುಗಿದ ಮೇಲೆ ಗ್ರೀನ್ ರೂಮಿಗೆ ಬಂದ ಚಿಕ್ಕಮ್ಮ, "ಚೆನ್ನಾಗಿತ್ತು ಕಣೇ. ಆದ್ರೆ ನೀನ್ಯಾಕೆ ಬಸ್ಸಿಗೆ ಕಾಯೋಳ ಥರ ಕೂತಿದ್ದೆ?" ಅಂದರು.

ನಿಜಾನೇ. ನಾನು ಕಾಯುತ್ತಿದ್ದೆ. ನನ್ನ ಮುಂದೆ ಇಬ್ಬರು ನಟರು ಗಂಡ-ಹೆಂಡತಿಯಾಗಿ ಜಗಳ ಆಡುತ್ತಿದ್ದರು. ಅವರು ಏನು ಹೇಳುತ್ತಿದ್ದಾರೆ ಅನ್ನುವುದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ನನಗೆ ಬೇಕಿದ್ದದ್ದು ಅವರ ಕೊನೆಯ ಪದ ಮಾತ್ರ. ಆ ಪದ ಬಂತು ಅಂದರೆ ನಾನು ಬಾಯಿ ತೆರೆಯಬೇಕು, ಅಷ್ಟೆ.

ಅಮೆರಿಕದ ರಂಗನಟಿ ಲಾರೆಟ್ ಟೇಲರ್ ಬಗ್ಗೆ ಓದುವಾಗೆಲ್ಲ ಚಿಕ್ಕಮ್ಮನ ಆ ಮಾತು ನೆನಪಾಗುತ್ತದೆ. ಆಕೆಯನ್ನು ಕಣ್ಣಾರೆ ನೋಡಿದವರು ಎರಡು ಸಂಗತಿ ಹೇಳುತ್ತಾರೆ. ಒಂದು, ಎದುರಿಗಿರುವವರ ಮಾತನ್ನು ಆಕೆ ಕೇಳಿಸಿಕೊಳ್ಳುತ್ತಿದ್ದ ರೀತಿ. ಎರಡು, ಆಕೆ ನಟಿಸುತ್ತಿದ್ದಾರೆ ಅಂತ ಅನ್ನಿಸುತ್ತಲೇ ಇರಲಿಲ್ಲ, ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಹೆಂಗಸು ದಾರಿ ತಪ್ಪಿ ರಂಗದ ಮೇಲೆ ಬಂದ ಹಾಗಿತ್ತು ಅನ್ನುವುದು. ಮೊದಲನೆಯದು ನನಗೆ ಅರ್ಥವಾಗುತ್ತದೆ. ಎರಡನೆಯ ಹೊಗಳಿಕೆಯ ಮೇಲೆ ಸ್ವಲ್ಪ ಸಿಟ್ಟಿದೆ. ಅಡುಗೆ ರುಚಿಯಾಗಿದ್ದರೆ "ನಿಮ್ಮ ಕೈಗುಣ" ಅಂದುಬಿಡುತ್ತಾರಲ್ಲ, ಹಾಗೆ. ಬೆಳಗ್ಗೆಯಿಂದ ಒಲೆ ಮುಂದೆ ನಿಂತದ್ದು ಲೆಕ್ಕಕ್ಕೇ ಇಲ್ಲ.

ಲಾರೆಟ್ ಹುಟ್ಟಿದ್ದು 1880ರ ದಶಕದಲ್ಲಿ, ನ್ಯೂಯಾರ್ಕ್‌ನಲ್ಲಿ, ಐರಿಷ್ ಮೂಲದ ಕೂನಿ ಅನ್ನುವ ಮನೆತನದಲ್ಲಿ. ತಾರೀಖು ಏಪ್ರಿಲ್ 1. ಅದು ಆಮೇಲೆ ಬರುತ್ತದೆ, ನೆನಪಿರಲಿ. ಚಿಕ್ಕ ಹುಡುಗಿಯಾಗಿದ್ದಾಗಲೇ 'ಲಾ ಬೆಲ್ ಲಾರೆಟ್' ಅನ್ನುವ ಹೆಸರಲ್ಲಿ ವಾಡೆವಿಲ್ ರಂಗಕ್ಕೆ ಹತ್ತಿದರು. ವಾಡೆವಿಲ್ ಅಂದರೆ ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಮಿಮಿಕ್ರಿ, ಜಾದೂ ಎಲ್ಲ ಸಿಗುವ ಜಾಗ. ಹದಿಹರೆಯ ಮುಗಿಯುವ ಮೊದಲೇ ಚಾರ್ಲ್ಸ್ ಟೇಲರ್ ಅನ್ನುವ ನಾಟಕಕಾರನ ಜೊತೆ ಮದುವೆ. ಆತ ಇವರಿಗಿಂತ ತುಂಬಾ ದೊಡ್ಡವನು. ಬರೆಯುತ್ತಿದ್ದದ್ದು ಅಬ್ಬರದ ಮೆಲೋಡ್ರಾಮಾ. ದುಷ್ಟ ಬರುತ್ತಾನೆ, ನಾಯಕಿ ಕಿರುಚುತ್ತಾಳೆ, ಕೊನೇ ಗಳಿಗೆಯಲ್ಲಿ ಯಾರೋ ಬಂದು ಕಾಪಾಡುತ್ತಾರೆ. ಊರೂರು ತಿರುಗುವ ತಂಡ. ಸಿಯಾಟಲ್‌ನಲ್ಲಿ ಒಂದಷ್ಟು ಕಾಲ ಬೀಡು. ಎರಡು ಮಕ್ಕಳಾದವು, ಡ್ವೈಟ್ ಮತ್ತು ಮಾರ್ಗರೀಟ್. ಮದುವೆ ಉಳಿಯಲಿಲ್ಲ.

ಆ ವರ್ಷಗಳ ಬಗ್ಗೆ ಬರೆಯುವವರು ಅದನ್ನೆಲ್ಲ ಎರಡು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ನಾನೂ ಈಗ ಅದೇ ಮಾಡಿದೆ. ಆದರೆ ಕಿರುಚಾಟದ ನಾಟಕಗಳಲ್ಲಿ ಅಷ್ಟು ವರ್ಷ ಕಳೆದವರಿಗೇ ಕಿರುಚದೆ ಇರುವುದರ ಬೆಲೆ ಗೊತ್ತಾಗಿರಬೇಕು ಅಂತ ನನ್ನ ಅನಿಸಿಕೆ.

ಲಾರೆಟ್ ಎರಡನೇ ಸಲ ಮದುವೆಯಾದದ್ದು 1912ರಲ್ಲಿ, ಇಂಗ್ಲೆಂಡಿನಿಂದ ಬಂದಿದ್ದ ನಾಟಕಕಾರ ಹಾರ್ಟ್ಲಿ ಮ್ಯಾನರ್ಸ್ ಜೊತೆ. ಆತ ಇವರಿಗಾಗಿಯೇ ಒಂದು ನಾಟಕ ಬರೆದ, 'ಪೆಗ್ ಓ ಮೈ ಹಾರ್ಟ್'. ಬಡ ಐರಿಷ್ ಹುಡುಗಿ ಪೆಗ್ ತನ್ನ ನಾಯಿ ಮೈಕಲ್‌ನ ಕರೆದುಕೊಂಡು ಇಂಗ್ಲೆಂಡಿನ ಠೀವಿಯ ಬಂಧುಗಳ ಮನೆಗೆ ಬರುತ್ತಾಳೆ. ಬಂಧುಗಳಿಗೆ ಠೀವಿ ಮಾತ್ರ ಉಳಿದಿದೆ, ದುಡ್ಡು ಹೋಗಿದೆ. ಮುಂದೇನಾಗುತ್ತದೆ ಅಂತ ನೀವೇ ಊಹಿಸಬಹುದು, ಅಂಥ ಕಥೆ. 1912ರ ಡಿಸೆಂಬರ್ 20ರಂದು ನ್ಯೂಯಾರ್ಕ್‌ನ ಕಾರ್ಟ್ ಥಿಯೇಟರಿನಲ್ಲಿ ಶುರುವಾಗಿ ಆರುನೂರಕ್ಕೂ ಜಾಸ್ತಿ ಪ್ರದರ್ಶನ ಕಂಡಿತು. ಅಲ್ಲಿಂದ ಲಂಡನ್‌ಗೆ ಹೋಯಿತು. ಅಲ್ಲಿಯೂ ಗೆದ್ದಿತು. ಇತ್ತ ಅಮೆರಿಕದಲ್ಲಿ ಬೇರೆ ಬೇರೆ ತಂಡಗಳು ಬೇರೆ ಬೇರೆ ಪೆಗ್‌ಗಳನ್ನು ಕಟ್ಟಿಕೊಂಡು ಊರು ತಿರುಗಿದವು.

ಇಷ್ಟು ದೊಡ್ಡ ಗೆಲುವು ಒಂದು ಥರದ ಕಟ್ಟು ಕೂಡ. ಜನರಿಗೆ ಮತ್ತೆ ಮತ್ತೆ ಪೆಗ್‌ಳೇ ಬೇಕು. ಮ್ಯಾನರ್ಸ್ ಬರೆದ ಮುಂದಿನ ನಾಟಕಗಳೂ ಲಾರೆಟ್‌ಗಾಗಿಯೇ, ಆದರೆ ಅವು ಅಷ್ಟಕ್ಕಷ್ಟೆ. 1918ರಲ್ಲಿ ಷೇಕ್ಸ್‌ಪಿಯರ್ ನಾಟಕಗಳ ಕೆಲವು ದೃಶ್ಯ ಆಡಿ ನೋಡಿದರು, ವಿಮರ್ಶಕರು ಒಪ್ಪಲಿಲ್ಲ. 1923ರಲ್ಲಿ 'ಹ್ಯೂಮರೆಸ್ಕ್' ನಾಟಕದಲ್ಲಿ ಯಹೂದಿ ತಾಯಿಯ ಪಾತ್ರ ಮಾಡಿದರು. ವಿಮರ್ಶಕರು ಹೊಗಳಿದರು. ಜನ ಬರಲಿಲ್ಲ. ತಮಗೆ ಗೊತ್ತಿದ್ದ ಹುಡುಗಿ ಎಲ್ಲಿ ಹೋದಳು ಅಂತ ಹುಡುಕಿದರೋ ಏನೋ.

ಪೆಗ್ ಸಿನಿಮಾ ಕೂಡ ಆಯಿತು, 1922ರಲ್ಲಿ. ಕಿಂಗ್ ವಿಡರ್ ನಿರ್ದೇಶನದ ಮೂಕಿ ಚಿತ್ರ. ಆಗ ಲಾರೆಟ್ ನಲವತ್ತರ ಹತ್ತಿರ ಇದ್ದರು, ಆಡಬೇಕಿದ್ದದ್ದು ಹರೆಯದ ಹುಡುಗಿಯ ಪಾತ್ರ. ಹೇಗೋ ನಿಭಾಯಿಸಿದರು. ಆ ಸಿನಿಮಾದ ಒಂದು ಪ್ರಿಂಟ್ ಮನೆಯಲ್ಲೇ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಒಂದೇ ಸಿನಿಮಾ, ಮತ್ತೆ ಮತ್ತೆ. ಮದುವೆ ವಿಡಿಯೋ ಹಾಕಿ ಕೂರಿಸುವ ನಂಟರು ನಮಗೂ ಗೊತ್ತಲ್ಲ.

ಮನೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನ್ಯೂಯಾರ್ಕ್‌ನ ರಿವರ್‌ಸೈಡ್ ಡ್ರೈವ್‌ನಲ್ಲಿದ್ದ ಅವರ ಮನೆಯಲ್ಲಿ ವಾರದ ಕೊನೆಗೆ ಜನವೋ ಜನ. ಊಟ ಆದಮೇಲೆ ಮೂಕಾಭಿನಯದ ಆಟ, ಪದ ಹುಡುಕುವ ಆಟ. ಅತಿಥಿಗಳು ಆಡಲೇಬೇಕು. ಚೆನ್ನಾಗಿ ಆಡದಿದ್ದರೆ ಮನೆಯವರೆಲ್ಲ ಸೇರಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದರು. ಮಧ್ಯೆ ಮಧ್ಯೆ ಅವರವರಲ್ಲೇ ಜಗಳ. 1921ರಲ್ಲಿ ಅಲ್ಲಿಗೆ ಹೋಗಿಬರುತ್ತಿದ್ದ ಒಬ್ಬ ಬಡ ಇಂಗ್ಲಿಷ್ ಹುಡುಗ ಎಲ್ಲವನ್ನೂ ನೋಡಿಕೊಂಡು ಊರಿಗೆ ವಾಪಸ್ ಹೋದ. ಅವನ ಹೆಸರು ನೋಯಲ್ ಕವರ್ಡ್. 1925ರಲ್ಲಿ ಲಂಡನ್‌ನಲ್ಲಿ ಅವನ 'ಹೇ ಫೀವರ್' ನಾಟಕ ಬಂತು. ಅದರಲ್ಲೊಬ್ಬಳು ನಟಿ, ಅವಳ ಹುಚ್ಚು ಸಂಸಾರ, ಆಟ ಆಡಲು ಬಾರದೆ ಕಂಗಾಲಾಗುವ ಅತಿಥಿಗಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಾರೆಟ್‌ಗೆ ಮಾತ್ರ ನಗು ಬರಲಿಲ್ಲವಂತೆ. ಹೇಗೆ ಬಂದೀತು? ಉಂಡು ಹೋದವನು ಬಾಗಿಲಲ್ಲಿ ನಿಂತು ಮಿಮಿಕ್ರಿ ಮಾಡಿದ ಹಾಗಾಯಿತಲ್ಲ.

1928ರ ಡಿಸೆಂಬರಿನಲ್ಲಿ ಮ್ಯಾನರ್ಸ್ ತೀರಿಕೊಂಡರು.

ಅಲ್ಲಿಂದ ಮುಂದಿನ ಹತ್ತು ವರ್ಷ ಕುಡಿತ. ಅದಕ್ಕೆ ಮೊದಲೂ ಇತ್ತು, ಈಗ ತಡೆಯುವವರಿಲ್ಲ. ಸತ್ತವರ ಮನೆಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಕುಡಿಯುವುದು ಐರಿಷ್ ಪದ್ಧತಿ. ಗಂಡ ಸತ್ತ ಮೇಲೆ ತಾನು ನಡೆಸಿದ್ದು ಚರಿತ್ರೆಯಲ್ಲೇ ಅತಿ ದೀರ್ಘ ಜಾಗರಣೆ ಅಂತ ಆಕೆಯೇ ತಮಾಷೆ ಮಾಡಿಕೊಂಡಿದ್ದರಂತೆ. ಆ ತಮಾಷೆಗೆ ನಗಲು ಆಗುವುದಿಲ್ಲ. ನಡುವೆ ಒಂದೆರಡು ಸಲ ರಂಗಕ್ಕೆ ಬಂದರು. ಆದರೆ ಆಕೆಯನ್ನು ನಂಬಿ ದುಡ್ಡು ಹಾಕುವವರು ಕಡಿಮೆಯಾದರು. ನಾಟಕದವರಲ್ಲಿ ಒಂದು ಸಲ "ಆಕೆ ಆವತ್ತು ಬರ್ತಾಳೋ ಇಲ್ವೋ" ಅನ್ನುವ ಮಾತು ಹುಟ್ಟಿದರೆ ಸಾಯುವುದಿಲ್ಲ.

1938ರ ಡಿಸೆಂಬರಿನಲ್ಲಿ 'ಔಟ್‌ವರ್ಡ್ ಬೌಂಡ್' ಅನ್ನುವ ಹಳೆಯ ನಾಟಕ ಮತ್ತೆ ರಂಗಕ್ಕೆ ಬಂತು. ನಿರ್ದೇಶಕ ಆಟೋ ಪ್ರೆಮಿಂಜರ್. ಒಂದು ಹಡಗು, ಅದರಲ್ಲಿ ಕೆಲವು ಪ್ರಯಾಣಿಕರು. ತಾವೆಲ್ಲ ಸತ್ತಿದ್ದೇವೆ ಅಂತ ಅವರಿಗೆ ನಿಧಾನವಾಗಿ ಗೊತ್ತಾಗುತ್ತದೆ. ಲಾರೆಟ್‌ದು ಮಿಸೆಸ್ ಮಿಜೆಟ್ ಅನ್ನುವ ಬಡ ಹೆಂಗಸಿನ ಪಾತ್ರ. ಅದೇ ಹಡಗಿನಲ್ಲಿರುವ ಒಬ್ಬ ಕುಡುಕ ಹುಡುಗ ಅವಳ ಮಗ. ಅವನಿಗೆ ಅದು ಗೊತ್ತಿಲ್ಲ. ಅವಳೂ ಹೇಳುವುದಿಲ್ಲ. ಸುಮ್ನೆ ಅವನನ್ನು ನೋಡುತ್ತಾ, ಅವನ ಮಾತು ಕೇಳುತ್ತಾ ಇರುತ್ತಾಳೆ. ನಾಟಕ 255 ಸಲ ಆಡಿತು. ಕುಡಿತದಿಂದ ಎದ್ದುಬಂದ ಹೆಂಗಸು, ಕುಡುಕ ಮಗನನ್ನು ದೂರದಿಂದ ನೋಡುವ ತಾಯಿಯಾಗಿ ಕೂತಿದ್ದರು ಅನ್ನುವುದನ್ನು ಯೋಚಿಸಿ ನೋಡಿ.

ಉಟಾ ಹೇಗನ್ ಅನ್ನುವ ಹೆಸರು ನಟನೆ ಕಲಿತವರಿಗೆ ಗೊತ್ತಿರುತ್ತದೆ. ದೊಡ್ಡ ನಟಿ, ಅದಕ್ಕಿಂತ ದೊಡ್ಡ ಮೇಷ್ಟ್ರು. ಲಾರೆಟ್ ಆಟಗಳಿಗೆ ಆಕೆ ಮತ್ತೆ ಮತ್ತೆ ಹೋಗುತ್ತಿದ್ದರಂತೆ, ಆ ಗುಟ್ಟು ಏನು ಅಂತ ಕಲಿಯಲು. ಪ್ರತಿ ಸಲವೂ ಕತೆಯೊಳಗೆ ಕಳೆದುಹೋಗಿ, ಏನೂ ಕಲಿಯದೆ ವಾಪಸ್ ಬರುತ್ತಿದ್ದರು. ವರ್ಷಗಳ ನಂತರ, ಲಾರೆಟ್ ಮಗಳು ಮಾರ್ಗರೀಟ್ ಬರೆದ ಅಮ್ಮನ ಜೀವನಕಥೆ ಓದಿದಾಗ ಸುಳಿವು ಸಿಕ್ಕಿತು. ಪಾತ್ರ ಕೈಗೆ ಬಂದ ಕೂಡಲೇ ಲಾರೆಟ್ ಮಾತು ಉರುಹೊಡೆಯುತ್ತಿರಲಿಲ್ಲ. ಆ ಹೆಂಗಸು ಎಲ್ಲಿಂದ ಬಂದಳು, ಅವಳ ಹಿಂದಿನ ಬದುಕು ಏನು ಅಂತ ಕಟ್ಟಿಕೊಳ್ಳುತ್ತಾ ಹೋಗುತ್ತಿದ್ದರು. ಎಲ್ಲಿಯವರೆಗೆ? ಅವಳ ಒಳಚಡ್ಡಿಯನ್ನೇ ತಾನು ತೊಟ್ಟಿದ್ದೇನೆ ಅನ್ನಿಸುವವರೆಗೆ. ಹೋಲಿಕೆ ಲಾರೆಟ್‌ದೇ, ನನ್ನದಲ್ಲ. ತಾಲೀಮಿನಲ್ಲಿ ಉಳಿದ ನಟರನ್ನು ಹದ್ದಿನ ಕಣ್ಣಿಟ್ಟು ನೋಡುತ್ತಾ ಕೂರುತ್ತಿದ್ದರಂತೆ.

ನಟನೆಗೆ ಚೆಲುವಿಗಿಂತ ಕಲ್ಪನೆ ಮುಖ್ಯ ಅಂತ ಆಕೆ 1914ರಲ್ಲೇ ಒಂದು ಪತ್ರಿಕೆಗೆ ಬರೆದಿದ್ದರು. ಅಂದರೆ ಪೆಗ್ ಜೋರಾಗಿ ಓಡುತ್ತಿದ್ದ ಕಾಲದಲ್ಲಿ. "ಆಕೆ ನಟಿಸುತ್ತಲೇ ಇರಲಿಲ್ಲ" ಅನ್ನುವವರು ಇದನ್ನೆಲ್ಲ ಎಲ್ಲಿಡುತ್ತಾರೆ?

ಈಗ 1944ಕ್ಕೆ ಬರೋಣ. ನಾನು ಇಷ್ಟೂ ಬರೆದದ್ದು ಇಲ್ಲಿಗೆ ಬರಲೆಂದೇ.

ಟೆನೆಸ್ಸಿ ವಿಲಿಯಮ್ಸ್ ಅನ್ನುವ, ಆಗಿನ್ನೂ ಹೆಸರು ಮಾಡದ ನಾಟಕಕಾರ. ನಾಟಕ 'ದಿ ಗ್ಲಾಸ್ ಮೆನಾಜರಿ'. ಸೇಂಟ್ ಲೂಯಿಸ್ ಊರಿನ ಒಂದು ಇಕ್ಕಟ್ಟಾದ ಬಾಡಿಗೆ ಮನೆ. ತಾಯಿ ಅಮಾಂಡಾ, ಚಪ್ಪಲಿ ಗೋದಾಮಿನಲ್ಲಿ ದುಡಿಯುವ ಮಗ ಟಾಮ್, ಕಾಲು ಸ್ವಲ್ಪ ಕುಂಟುವ, ಗಾಜಿನ ಪುಟ್ಟ ಪ್ರಾಣಿಗಳ ಜೊತೆಗೇ ದಿನ ಕಳೆಯುವ ಮಗಳು ಲಾರಾ. ಅಮಾಂಡಾಳ ಗಂಡ ಎಂದೋ ಬಿಟ್ಟುಹೋಗಿದ್ದಾನೆ. ಅವನು ಟೆಲಿಫೋನ್ ಕಂಪನಿಯಲ್ಲಿದ್ದವನು. ಆಕೆಗೆ ವಯಸ್ಸಿನಲ್ಲಿದ್ದಾಗ ಹಿಂದೆ ಬಿದ್ದಿದ್ದ ಹುಡುಗರ ಕಥೆ ಹೇಳಿ ಮುಗಿಯುವುದಿಲ್ಲ. ಮಗಳನ್ನು ನೋಡಲು ಯಾರಾದರೊಬ್ಬ ಬಂದರೆ ಸಾಕು ಅನ್ನುವ ಆಸೆ. ಇದಕ್ಕೆ ನಾನು ವಿವರಣೆ ಕೊಡಬೇಕಾಗಿಲ್ಲ ಅಲ್ವಾ? ಅಂಥ ಅಮ್ಮಂದಿರು ನಮ್ಮ ಮನೆಗಳಲ್ಲೇ ಇದ್ದಾರೆ.

ನಿರ್ದೇಶಕ ಎಡ್ಡಿ ಡೌಲಿಂಗ್, ಜೊತೆಗೆ ಮಾರ್ಗೋ ಜೋನ್ಸ್. ಟಾಮ್ ಪಾತ್ರವೂ ಡೌಲಿಂಗ್ ಅವರದೇ. ಅಮಾಂಡಾ ಪಾತ್ರಕ್ಕೆ ಲಾರೆಟ್. ಅರವತ್ತು ತುಂಬಿತ್ತು. ತಾಲೀಮು ಶುರುವಾಯಿತು. ಲಾರೆಟ್ ಬಾಯಿ ಬಿಡುತ್ತಿಲ್ಲ. ತುಟಿಯೊಳಗೇ ಏನೋ ಗೊಣಗುತ್ತಾರೆ, ಉಳಿದವರನ್ನು ನೋಡುತ್ತಾರೆ, ಮಾತು ಬಾಯಿಗೆ ಬಂದ ಹಾಗೇ ಕಾಣುವುದಿಲ್ಲ. ಎಲ್ಲರಿಗೂ ದಿಗಿಲು. ಮತ್ತೆ ಕುಡಿತ ಶುರುವಾಯಿತೇ? ಮರೆವೇ? ಅಮಾಂಡಾಳದು ಅಮೆರಿಕದ ದಕ್ಷಿಣ ಭಾಗದ ನುಡಿ, ಅದರ ರಾಗ ಹಿಡಿಯಲು ಆಕೆ ಮಿಸಿಸಿಪ್ಪಿಯಲ್ಲಿ ಹುಟ್ಟಿದ್ದ ವಿಲಿಯಮ್ಸ್ ಮಾತಾಡುವುದನ್ನೇ ಕೇಳುತ್ತಿದ್ದರಂತೆ. ಅಲ್ಲಿಯೂ ಅದೇ ಕೆಲಸ, ಕೇಳುವುದು.

ನಾನು ಒಂದಷ್ಟು ವರ್ಷ ಪ್ರಾಂಪ್ಟರ್ ಆಗಿಯೂ, ಅಂದರೆ ಮರೆಯಲ್ಲಿದ್ದು ನಟರಿಗೆ ಮಾತು ನೆನಪಿಸುವವಳಾಗಿ ಕೂತವಳು, ಹಾಗಾಗಿ ಈ ದಿಗಿಲು ನನಗೆ ಗೊತ್ತು. ಪುಸ್ತಕ ತೊಡೆಯ ಮೇಲೆ, ಬೆರಳು ಸಾಲಿನ ಮೇಲೆ. ಆಟಕ್ಕೆ ಇನ್ನು ನಾಲ್ಕು ದಿನ, ಮುಖ್ಯ ಪಾತ್ರದವರು ಇನ್ನೂ "ಮುಂದೇನು?" ಅನ್ನುತ್ತಿದ್ದಾರೆ. ಅಂಥವರಲ್ಲಿ ಹತ್ತಕ್ಕೆ ಒಂಬತ್ತು ಜನ ನಿಜಕ್ಕೂ ಕಲಿತಿರುವುದಿಲ್ಲ. ಉಳಿದ ಒಬ್ಬರು ಲಾರೆಟ್ ಥರದವರೋ ಅಂತ ಪ್ರಾಂಪ್ಟರಿಗೆ ಹೇಗೆ ತಿಳಿಯಬೇಕು? ಕೊನೆಗೊಂದು ದಿನ, ಇದ್ದಕ್ಕಿದ್ದ ಹಾಗೆ, ಲಾರೆಟ್ ಅಮಾಂಡಾಳನ್ನು ಪೂರ್ತಿಯಾಗಿ ಎಲ್ಲರ ಮುಂದೆ ನಿಲ್ಲಿಸಿದರು. ಕೂತವರು ದಂಗಾದರು.

ಮೊದಲ ಪ್ರದರ್ಶನ 1944ರ ಡಿಸೆಂಬರ್ 26, ಷಿಕಾಗೋದ ಸಿವಿಕ್ ಥಿಯೇಟರ್. ಕೊರೆಯುವ ಚಳಿ. (ಈಕೆಗೂ ಡಿಸೆಂಬರಿಗೂ ಏನು ನಂಟೋ. ಬದುಕಿನಲ್ಲಿ ಆದದ್ದೆಲ್ಲ ಆ ತಿಂಗಳಲ್ಲೇ.) ಆವತ್ತು ಪರದೆ ಏಳುವುದಕ್ಕೆ ಸ್ವಲ್ಪ ಹೊತ್ತು ಇರುವಾಗ ಲಾರೆಟ್ ಕಾಣೆ. ಹುಡುಕಿದರೆ, ಥಿಯೇಟರಿನ ನೆಲಮಾಳಿಗೆಯಲ್ಲಿ, ಮಂದ ಬೆಳಕಿನಲ್ಲಿ, ಕೆಲಸದವರ ಸಿಂಕಿನ ಮೇಲೆ ಬಗ್ಗಿಕೊಂಡು ಬಟ್ಟೆಗೆ ಬಣ್ಣ ಅದ್ದುತ್ತಿದ್ದರಂತೆ. ಅದು ಅಮಾಂಡಾ ಹಾಕಿಕೊಳ್ಳಬೇಕಿದ್ದ ಹಳೆಯ ಫ್ರಾಕ್.

ಆ ಫ್ರಾಕ್ ಯಾವುದು ಅಂತ ಹೇಳಬೇಕು. ಮಗಳನ್ನು ನೋಡಲು ಕೊನೆಗೂ ಒಬ್ಬ ಹುಡುಗ ಮನೆಗೆ ಬರುತ್ತಾನೆ. ಆವತ್ತು ಅಮಾಂಡಾ ಪೆಟ್ಟಿಗೆಯಿಂದ ತನ್ನ ಹರೆಯದ ಕಾಲದ ಫ್ರಾಕ್ ತೆಗೆದು ಹಾಕಿಕೊಳ್ಳುತ್ತಾಳೆ. ಹಳದಿಗಟ್ಟಿದ ತೆಳು ಬಟ್ಟೆ, ಸೊಂಟಕ್ಕೆ ನೀಲಿ ರೇಷ್ಮೆ ಪಟ್ಟಿ, ಕೈಯಲ್ಲಿ ಹಳದಿ ಜಾಂಕ್ವಿಲ್ ಹೂವಿನ ಗೊಂಚಲು. ಬಂದವನು ನೋಡಬೇಕಾದದ್ದು ಮಗಳನ್ನು, ಸಿಂಗರಿಸಿಕೊಂಡು ನಿಂತವಳು ಅಮ್ಮ. ಆ ಬಟ್ಟೆಯ ಬಣ್ಣ ಒಂದು ಚೂರು ಹೆಚ್ಚಾದರೆ ನಗೆಪಾಟಲು. ಒಂದು ಚೂರು ಕಡಿಮೆಯಾದರೆ ಭಿಕ್ಷುಕಿ. ಎಷ್ಟು ವರ್ಷ ಪೆಟ್ಟಿಗೆಯಲ್ಲಿದ್ದ ಬಟ್ಟೆ ಅದು ಅಂತ ಲಾರೆಟ್‌ಗೆ ಗೊತ್ತಿತ್ತು. ಹೊಲಿದು ಕೊಟ್ಟವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದರೂ ಆಕೆಗೆ ಸಾಲಲಿಲ್ಲ. ಬೀದಿಯಿಂದ ದಾರಿ ತಪ್ಪಿ ಬಂದ ಹೆಂಗಸು ಸಿಂಕಿನಲ್ಲಿ ಕೈ ನೆನೆಸಿಕೊಂಡು ಹೀಗೆ ನಿಂತಿರುತ್ತಾಳೆಯೇ?

ಷಿಕಾಗೋದಲ್ಲಿ ಮೊದಲ ದಿನಗಳು ಖಾಲಿ ಖಾಲಿ. ನಿಲ್ಲಿಸಿಬಿಡೋಣ ಅನ್ನುವ ಮಾತೂ ಬಂತು. ಅಲ್ಲಿನ ಇಬ್ಬರು ವಿಮರ್ಶಕರು, 'ಟ್ರಿಬ್ಯೂನ್' ಪತ್ರಿಕೆಯ ಕ್ಲಾಡಿಯಾ ಕ್ಯಾಸಿಡಿ ಮತ್ತು ಆಷ್ಟನ್ ಸ್ಟೀವನ್ಸ್, ಬಿಡಲಿಲ್ಲ. ನೋಡಿದರು, ಬರೆದರು, ಮತ್ತೆ ಹೋಗಿ ನೋಡಿದರು, ಮತ್ತೆ ಬರೆದರು. ನಿಧಾನಕ್ಕೆ ಜನ ಬಂದರು, ಆಮೇಲೆ ಟಿಕೆಟ್ ಸಿಗದ ಹಾಗಾಯಿತು. ವಿಲಿಯಮ್ಸ್ ತಾಯಿ ಎಡ್ವಿನಾ ಕೂಡ ನೋಡಲು ಬಂದಿದ್ದರು. ಅಮಾಂಡಾ ಹುಟ್ಟಿದ್ದು ಅವರನ್ನು ನೋಡಿಯೇ ಅಂತ ಎಲ್ಲರಿಗೂ ಗೊತ್ತು, ಪಾಪ ಅವರೊಬ್ಬರನ್ನು ಬಿಟ್ಟು. ಆಟ ಮುಗಿದ ಮೇಲೆ ಒಳಗೆ ಬಂದ ಅವರನ್ನು ಲಾರೆಟ್ ನೇರವಾಗಿ ಕೇಳಿಯೇಬಿಟ್ಟರಂತೆ, ನಿಮ್ಮನ್ನು ನೀವೇ ನೋಡಿದ್ದು ಹೇಗಿತ್ತು ಅಂತ. ಕವರ್ಡ್ ಮಾಡಿದ್ದನ್ನು ಇಪ್ಪತ್ತು ವರ್ಷದ ನಂತರ ಲಾರೆಟ್ ಇನ್ನೊಬ್ಬ ಹೆಂಗಸಿಗೆ ಮಾಡಿದರು ಅಂತ ನನಗನ್ನಿಸುತ್ತದೆ. ಅದು ಹೊಳೆದಿತ್ತೋ ಇಲ್ಲವೋ.

ನ್ಯೂಯಾರ್ಕ್‌ನ ಪ್ಲೇಹೌಸ್ ಥಿಯೇಟರಿನಲ್ಲಿ ನಾಟಕ ಶುರುವಾದದ್ದು 1945ರ ಮಾರ್ಚ್ 31. ಮರುದಿನ ಆಕೆಯ ಹುಟ್ಟುಹಬ್ಬ. ಆ ವರ್ಷ ಈಸ್ಟರ್ ಕೂಡ ಅದೇ ದಿನ. ಆ ರಾತ್ರಿ ಲಾರೆಟ್‌ಗೆ ಮೈ ಸರಿಯಿರಲಿಲ್ಲ. ಸೈಡ್ ವಿಂಗ್‌ನಲ್ಲಿ ಒಂದು ಬಕೆಟ್ ಇಟ್ಟಿದ್ದರು. ರಂಗದಿಂದ ಒಳಗೆ ಬಂದಾಗೆಲ್ಲ ಅದರಲ್ಲಿ ವಾಂತಿ, ಬಾಯಿ ಒರೆಸಿಕೊಂಡು ಮತ್ತೆ ಹೊರಗೆ. ಎದುರಿಗೆ ಕೂತವರಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಪರದೆ 24 ಸಲ ಎದ್ದು ಬಿತ್ತು. ಮುಂದಿನ ವರ್ಷ ಆಗಸ್ಟ್ ತನಕ ನಾಟಕ ಓಡಿತು, 560ಕ್ಕೂ ಜಾಸ್ತಿ ಸಲ.

1946ರ ಡಿಸೆಂಬರ್ 7ರಂದು ಲಾರೆಟ್ ತೀರಿಕೊಂಡರು. ಬ್ರಾಡ್‌ವೇಯ, ಅಂದರೆ ನ್ಯೂಯಾರ್ಕ್‌ನ ವೃತ್ತಿರಂಗಭೂಮಿಯ, ದೊಡ್ಡ ಬಹುಮಾನ ಟೋನಿ ಶುರುವಾದದ್ದು ಮರುವರ್ಷ.

ಅಮಾಂಡಾ ಪಾತ್ರವನ್ನು ಆಕೆ ಮಾಡಿದ್ದರ ಚಿತ್ರೀಕರಣ ಇಲ್ಲ. ಆಕೆ ಮಾತಾಡುವುದನ್ನು ನೋಡಬೇಕೆಂದರೆ, 1938ರಲ್ಲಿ ಹಾಲಿವುಡ್ ನಿರ್ಮಾಪಕ ಸೆಲ್ಜ್ನಿಕ್‌ಗಾಗಿ ಕೊಟ್ಟ ಒಂದು ಸ್ಕ್ರೀನ್ ಟೆಸ್ಟ್ ಇದೆ. 'ದಿ ಯಂಗ್ ಇನ್ ಹಾರ್ಟ್' ಅನ್ನುವ ಸಿನಿಮಾಕ್ಕೆ. ಪಾತ್ರ ಮಿನಿ ಡುಪ್ರೀ ಅನ್ನುವ ಇನ್ನೊಬ್ಬರ ಪಾಲಾಯಿತು. ಬ್ರಾಡ್‌ವೇ ಬಗ್ಗೆ 2003ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಆ ತುಣುಕು ಇದೆ. ಎಂಬತ್ತು ದಾಟಿದ ನಟ-ನಟಿಯರು ಒಬ್ಬೊಬ್ಬರಾಗಿ ಬಂದು, ತಾವು ಕಂಡವರಲ್ಲೆಲ್ಲ ದೊಡ್ಡ ನಟಿ ಈಕೆಯೇ ಅನ್ನುತ್ತಾರೆ. ಆಮೇಲೆ ಈ ತುಣುಕು ಬರುತ್ತದೆ. ಮೊದಲ ಸಲ ನೋಡಿದಾಗ ನನಗೆ ನಿರಾಸೆಯಾಯಿತು. ಏನೂ ನಡೆಯುತ್ತಿಲ್ಲ ಅನ್ನಿಸಿತು. ಮೂರನೇ ಸಲಕ್ಕೆ ಕಥೆಯನ್ನೂ ಮಾತನ್ನೂ ಬಿಟ್ಟು ಆಕೆಯ ಕಣ್ಣನ್ನು ಮಾತ್ರ ನೋಡಿದೆ. ಉತ್ತರ ಗೊತ್ತಿಲ್ಲದವರು ಕಾಯುವ ಹಾಗೆ ಆ ಕಣ್ಣು ಕಾಯುತ್ತದೆ. ನಾನು ಬಸ್ಸಿಗೆ ಕಾದ ಥರ ಅಲ್ಲ.

'ಮೆನಾಜರಿ'ಯಲ್ಲಿ ನನ್ನನ್ನು ಬಿಡದೆ ಕಾಡುವುದು ಟೆಲಿಫೋನ್ ದೃಶ್ಯ. ನಾಲ್ಕು ಕಾಸು ಸಂಪಾದಿಸಲು ಅಮಾಂಡಾ ಫೋನಿನಲ್ಲಿ ಮಹಿಳಾ ಪತ್ರಿಕೆಯ ಚಂದಾ ಮಾರುತ್ತಾಳೆ. ಗುರುತಿನ ಹೆಂಗಸರಿಗೆ ಫೋನ್ ಮಾಡಿ, ಆರೋಗ್ಯ ವಿಚಾರಿಸಿ, ಅಯ್ಯೋ ಪಾಪ ಅಂದು, ಹೊಸ ಧಾರಾವಾಹಿ ಶುರುವಾಗುತ್ತಿದೆ ಅಂತ ಪುಸಲಾಯಿಸುತ್ತಾಳೆ. ಆ ಕಡೆಯವಳಿಗೆ ಒಲೆಯ ಮೇಲೆ ಏನೋ ಸೀಯುತ್ತಿದೆಯಂತೆ. ಹೋಗಿ ನೋಡಿಕೊಂಡು ಬನ್ನಿ, ನಾನು ಹಿಡಿದುಕೊಂಡಿರುತ್ತೇನೆ ಅನ್ನುತ್ತಾಳೆ ಈಕೆ. ಕಾಯುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಆ ಕಡೆ ಫೋನ್ ಇಟ್ಟಾಗಿದೆ.

ಉಳಿದ ದೃಶ್ಯಗಳಲ್ಲಾದರೆ ಕೇಳಿಸಿಕೊಳ್ಳಲು ಎದುರಿಗೆ ಒಬ್ಬ ನಟ ಇರುತ್ತಾನೆ. ಇಲ್ಲಿ ತಂತಿಯ ಆ ತುದಿಯಲ್ಲಿ ಯಾರೂ ಇಲ್ಲ. ಆ ಖಾಲಿಯನ್ನು ಲಾರೆಟ್ ಹೇಗೆ ಕೇಳಿಸಿಕೊಂಡಿರಬಹುದು?

ಮೊನ್ನೆ ಅಡುಗೆಮನೆಯಲ್ಲಿ ಸುಮ್ನೆ ಮಾಡಿ ನೋಡಿದೆ. ಆಫ್ ಆಗಿದ್ದ ಮೊಬೈಲ್ ಕಿವಿಗಿಟ್ಟುಕೊಂಡು, "ಹೇಗಿದ್ದೀರಿ? ಮಂಡಿನೋವು ಕಮ್ಮಿ ಆಯ್ತಾ?" ಅಂತ ಕೇಳಿ, ಉತ್ತರಕ್ಕೆ ಕಾದೆ. ಹಾಂ ಅಂದೆ. ಹೌದಾ ಅಂದೆ. ತಲೆ ಆಡಿಸಿದೆ. ಹಿಂದೆ ಫ್ರಿಜ್ ಬಾಗಿಲು ತೆಗೆದ ಸದ್ದು. ಮಗಳು ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಒಂದು ನಿಮಿಷ ನನ್ನನ್ನೇ ನೋಡಿ,

"ಅಮ್ಮಾ, ಆ ಕಡೆ ಯಾರೂ ಇಲ್ಲ ಅಲ್ವಾ?" ಅಂದಳು.